ಅಳಿಸಬೇಡಿ

ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಭೌತಶಾಸ್ತ್ರದ ಮೇಷ್ಟ್ರು ಗುಂಡಿಯ ಹತ್ತಿರ ಬಂದವರೇ ಮುಗ್ಗರಿಸಿದರು.

"ಹುಷಾರು ಮೇಷ್ಟ್ರೇ!" ಹಿಂದಿದ್ದ ಗ್ರಂಥಪಾಲಕ ಪಿಸುಗುಟ್ಟಿದ. "ಗಣಿತದ ಮೇಷ್ಟ್ರನ್ನ ಬೀಳಿಸಿದ್ರೆ ಎದ್ದು ಬಂದು, ಎಷ್ಟು ಡಿಗ್ರಿ ವಾಲಿತ್ತು ಅಂತ ಕೇಳ್ತಾರೆ."

ಹೊತ್ತಿದ್ದವರೆಲ್ಲ ನಕ್ಕರು. ಮೇಷ್ಟ್ರ ಕಣ್ಣು ಮಾತ್ರ ಎದುರಿನ ಕಲ್ಲಿನ ಮೇಲಿತ್ತು. ಸತ್ತವನ ಹೆಸರಿಗಿಂತ ದೊಡ್ಡದಾಗಿ ಅಲ್ಲೊಂದು ಸಮೀಕರಣ ಕೆತ್ತಿತ್ತು. ನಡುವೆ ಒಂದು ಮೈನಸ್.

"ರಿಟೈರ್ ಆದ ವರ್ಷವೇ ಕೆತ್ತಿಸಿಟ್ಟಿದ್ರು," ಎಂದರು ಸತ್ತವನ ಹೆಂಡತಿ. "ಕಲ್ಲಲ್ಲಿ ಬರೆದ್ರೆ ಫಿಸಿಕ್ಸಿನವನ ತಲೆಗೂ ಹತ್ತುತ್ತೆ ಅಂತಿದ್ರು. ನಿಮ್ಮನ್ನ ನೆನೆಸದ ದಿನವೇ ಇರ್ಲಿಲ್ಲ."

*

ಹತ್ತೊಂಬತ್ತು ವರ್ಷದ ಹಿಂದೆ ಇಬ್ಬರಿಗೂ ಒಂದೇ ಕೋಣೆ, ಒಂದೇ ಕರಿಹಲಗೆ. ಎಡಕ್ಕೆ ಗಣಿತ, ಬಲಕ್ಕೆ ಭೌತಶಾಸ್ತ್ರ. ಗಡಿ ದಾಟಿ ಸಿಕ್ಕಿಬಿದ್ದವನು ಚಹಾ ತರಬೇಕು. ಒಂದು ಮಧ್ಯಾಹ್ನ ಗೆಳೆಯ ಊಟಕ್ಕೆ ಹೋದಾಗ ಮೇಷ್ಟ್ರು ಎಡಕ್ಕೆ ಕೈಚಾಚಿ, ಒಂದು ಪ್ಲಸ್ಸಿನ ನಿಂತ ಗೆರೆಯನ್ನು ಬೆರಳಿನಿಂದ ಒರೆಸಿಬಿಟ್ಟರು. ಐದು ನಿಮಿಷದಲ್ಲಿ ಬೈಸಿಕೊಂಡು ಚಹಾ ತಂದರಾಯಿತು ಎಂದುಕೊಂಡಿದ್ದರು.

ಗೆಳೆಯ ಬಂದ. ಹಲಗೆ ನೋಡಿದವನೇ ಬೆಚ್ಚಿಬಿದ್ದ.

"ಲೋ, ಕೈತಪ್ಪಿ ಮೈನಸ್ ಹಾಕಿದ್ದೀನಿ ಕಣೋ! ಅದೇ ಸರಿ! ಆರು ವರ್ಷ ಸುಮ್ನೆ ಕೂಡ್ತಾ ಕೂತಿದ್ದೆ!"

ತಬ್ಬಿಕೊಂಡು ಅತ್ತ. ಕೆಳಗೆ 'ಅಳಿಸಬೇಡಿ' ಎಂದು ಬರೆದ. ನಾಳೆ ಹೇಳೋಣ ಎಂದುಕೊಂಡರು ಮೇಷ್ಟ್ರು. ಮರುದಿನ ಅವನು ಇಡೀ ವಿಭಾಗಕ್ಕೆ ಸಿಹಿ ಹಂಚಿದ.

ಆಮೇಲೆ ಐದು ಗಣಿತ ಪತ್ರಿಕೆಗಳು ಅವನ ಲೇಖನವನ್ನು ಹಿಂದಕ್ಕೆ ಕಳಿಸಿದವು. "ಹೊಟ್ಟೆಕಿಚ್ಚು ಕಣೋ," ಎಂದು ಪ್ರತಿಸಲ ನಗುತ್ತಿದ್ದ. ಪ್ರತಿಸಲ ನಗು ಸಣ್ಣದಾಗುತ್ತ ಹೋಯಿತು. ಬೇರೆ ಕೆಲಸ ಮುಟ್ಟಲೇ ಇಲ್ಲ. ನಿಜ ಹೇಳಲು ಮೇಷ್ಟ್ರಿಗೆ ಕೊನೆಗೂ ಬಾಯಿ ಬರಲಿಲ್ಲ, ಅಷ್ಟು ಹೇಡಿ ಅವರು. ಚಹಾ ಮಾತ್ರ ದಿನಾ ತಾವೇ ತರುತ್ತಿದ್ದರು.

*

ಮಣ್ಣು ಮುಚ್ಚಿದ್ದಾಯಿತು. ಜನ ಗೇಟಿನ ಕಡೆ ನಡೆದರು.

"ಒಂದು ಮಾತು ಕೇಳ್ಲಾ?" ಎಂದರು ಗೆಳೆಯನ ಹೆಂಡತಿ. "ನಂಗೆ ಲೆಕ್ಕ ಬರಲ್ಲ. ನಿಮಗೆ ಗೊತ್ತಿರುತ್ತೆ. ಅದು ಸರಿ ಇತ್ತಾ?"

ಮೇಷ್ಟ್ರು ಕಲ್ಲಿನ ಕಡೆ ನೋಡಿದರು.

"ಸರಿ ಇತ್ತಮ್ಮ."

"ಸದ್ಯ," ಎಂದು ಆಕೆ ಆ ದಿನ ಮೊದಲ ಸಲ ಅತ್ತರು. ಕಣ್ಣೊರೆಸಿಕೊಂಡು ಹೊರಟರು.

ಒಬ್ಬರೇ ಉಳಿದ ಮೇಲೆ ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಮೊಣಕಾಲೂರಿ, ಆ ಮೈನಸ್ಸಿನ ಮೇಲೆ ಒಂದು ನಿಂತ ಗೆರೆ ಎಳೆದರು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಆಕೆ ಮರೆತ ಕೊಡೆಗಾಗಿ ವಾಪಸ್ಸು ಬಂದಿದ್ದರು.

"ಅಯ್ಯೋ, ಇವತ್ತೂ ಬಿಡ್ಲಿಲ್ವಾ ಈ ಬೀದಿ ಹುಡುಗರು! ಯಾರೋ ಗೀಚಿದ್ದಾರೆ ನೋಡಿ," ಎಂದವರು ಪಕ್ಕದಲ್ಲೇ ಕೂತು, ಒದ್ದೆ ಕರವಸ್ತ್ರದಿಂದ ಆ ಗೆರೆಯನ್ನು ಚೂರೂ ಉಳಿಯದ ಹಾಗೆ ಉಜ್ಜತೊಡಗಿದರು. ಮೇಷ್ಟ್ರು ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಲ್ಲು ಅಲುಗದಂತೆ ಇನ್ನೊಂದು ಕೈ ಆನಿಸಿದರು.