ತೋಳಿನ ಮೇಲಿನ ಒಂಬತ್ತು ಹಕ್ಕಿ

ಕನ್ನಡಕದಂಗಡಿಯ ಯಜಮಾನರು ಕೆಟ್ಟವರೇನಲ್ಲ, ಬರೀ ಪುಕ್ಕಲು. ಯಾವ ಗಿರಾಕಿ ಯಾವಾಗ ಮುಖ ತಿರುಗಿಸಿಕೊಂಡು ಹೋಗುತ್ತಾನೋ ಎಂಬುದೇ ಅವರ ಚಿಂತೆ. ಕಣ್ಣು ಪರೀಕ್ಷೆ ಮಾಡಲು ಹೊಸದಾಗಿ ಸೇರಿದ ಹುಡುಗಿಯ ಬಲಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಸಾಲಾಗಿ ಹಾರುವ ಹಕ್ಕಿಗಳ ಹಚ್ಚೆ ಕಂಡದ್ದೇ ತಡ, ಅವಳನ್ನು ಪಕ್ಕಕ್ಕೆ ಕರೆದರು. ತುಂಬುತೋಳಿನ ಅಂಗಿ ಹಾಕಿಕೊಂಡೇ ಬರಬೇಕು, ಹಚ್ಚೆ ಒಂದೇ ಒಂದು ಸಲ ಯಾರ ಕಣ್ಣಿಗಾದರೂ ಬಿದ್ದರೆ ಕೆಲಸ ಹೋದ ಹಾಗೆಯೇ ಎಂದು ಕಡ್ಡಿ ಮುರಿದಂತೆ ಹೇಳಿದರು.

ಹುಡುಗಿ ಒಪ್ಪಿಕೊಂಡಳು. ಈ ಕೆಲಸವೆಂದರೆ ಅವಳಿಗೆ ಪ್ರಾಣ. ಸರಿಯಾದ ಲೆನ್ಸು ಕೂತ ಕ್ಷಣದಲ್ಲಿ ಜನ ಬಾಯಿ ಬಿಟ್ಟುಕೊಂಡು ಸುತ್ತ ನೋಡುತ್ತಾರಲ್ಲ, ಅದಕ್ಕಾಗಿ ಅವಳು ಸಂಬಳವಿಲ್ಲದೆಯೂ ಬಂದಾಳು. ಯಜಮಾನರಿಗೆ ಮಾತ್ರ ಅದನ್ನು ಹೇಳಿರಲಿಲ್ಲ, ಅಷ್ಟು ಪೆದ್ದಿಯಲ್ಲ.

ಮೂರನೇ ವಾರ ಯಜಮಾನರ ತಾಯಿ ವರ್ಷದ ಪರೀಕ್ಷೆಗೆ ಬಂದರು. ಎಪ್ಪತ್ತೆರಡಾದರೂ ಕನ್ನಡಕವಿಲ್ಲ ಎನ್ನುವುದೇ ಅವರ ಜಂಬ. ಪ್ರತಿ ವರ್ಷ ಬೋರ್ಡಿನ ಅಕ್ಷರಗಳನ್ನೆಲ್ಲ ಗಡಗಡ ಓದಿ ಎದ್ದುಹೋಗುತ್ತಿದ್ದರು. ಮಗ ಅದನ್ನು ಊರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದರು. ಈ ಸಲವೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

ಅಜ್ಜಿ ಕುರ್ಚಿಯಲ್ಲಿ ಕೂತವರೇ ಕಡೆಯ ಸಾಲನ್ನು ಒಪ್ಪಿಸಿಬಿಟ್ಟರು. ಒಂದಕ್ಷರವೂ ತಪ್ಪಿರಲಿಲ್ಲ. ಹುಡುಗಿ ಇನ್ನೂ ಬೋರ್ಡಿನ ದೀಪವನ್ನೇ ಹಾಕಿರಲಿಲ್ಲ.

ಅವಳಿಗೆ ನಗು ಉಕ್ಕಿತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ಅಂಗಡಿಯಲ್ಲಿದ್ದದ್ದು ಅದೊಂದೇ ಬೋರ್ಡು, ಅಜ್ಜಿಗೆ ಅದು ಬಾಯಿಪಾಠ. ಬಾಯಿಪಾಠವಾಗದ್ದು ಏನಾದರೂ ಬೇಕಿತ್ತು. ನಿಧಾನವಾಗಿ ಯೋಚಿಸಿದ್ದರೆ ಬೇರೆ ದಾರಿ ಹೊಳೆಯುತ್ತಿತ್ತೋ ಏನೋ. ಕೆಲಸ ಹೋದರೆ ಹೋಗಲಿ ಎಂದುಕೊಂಡು ದೀಪ ಹಾಕಿದಳು, ಬೋರ್ಡಿನ ಪಕ್ಕ ನಿಂತು ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಮೇಲೆ ಸರಿಸಿ ಕೈ ಚಾಚಿದಳು. ಮೊಣಕೈ ಹತ್ತಿರದ ಹಕ್ಕಿ ಹೆಬ್ಬೆರಳಿನಷ್ಟಿತ್ತು. ಅಲ್ಲಿಂದ ಕಿರಿದಾಗುತ್ತಾ ಹೋಗಿ, ಮಣಿಕಟ್ಟಿನದು ಉಗುರಿನಷ್ಟಿತ್ತು.

ಯಜಮಾನರ ಮುಖ ಕೆಂಪೇರಿತು.

“ಎಷ್ಟು ಹಕ್ಕಿ ಇವೆ ಹೇಳಿ, ಅಜ್ಜಿ.”

ಅಜ್ಜಿ ಕಣ್ಣು ಕಿರಿದು ಮಾಡಿದರು, ಕತ್ತು ಮುಂದೆ ಚಾಚಿದರು. “ಮೂರು,” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಮೂರೇ ಅಲ್ವಾ?”

ಬೈಯಲು ತೆರೆದ ಬಾಯನ್ನು ಯಜಮಾನರು ಹಾಗೇ ಮುಚ್ಚಿದರು. ಇನ್ನೂ ಹಿಂದೆ ನಿಂತಿದ್ದ ಅವರಿಗೆ ಒಂಬತ್ತೂ ಕಾಣುತ್ತಿದ್ದವು. ಊರ ಕಣ್ಣೆಲ್ಲ ನೋಡಿದ ತನಗೆ ಹೆತ್ತಮ್ಮನ ಕಣ್ಣು ಗೊತ್ತಾಗಲಿಲ್ಲವಲ್ಲ ಎಂದು ಅವರಿಗೆ ಸಂಕಟವಾಯಿತು.

ಹುಡುಗಿ ಒಂದಾದ ಮೇಲೊಂದು ಲೆನ್ಸು ಹಾಕಿ, ಪ್ರತಿ ಸಲವೂ ಬೋರ್ಡಿನ ಪಕ್ಕಕ್ಕೆ ಹೋಗಿ ಕೈ ಚಾಚಿದಳು. ನಾಲ್ಕನೆಯ ಜೊತೆ ಲೆನ್ಸು ಹಾಕಿದಾಗ ಅಜ್ಜಿ ಬೆರಳು ಮಡಚಿ ಒಂಬತ್ತು ಎಣಿಸಿದರು. ಎಣಿಸಿ ಮಗನ ಕಡೆ ತಿರುಗಿದವರು ತಿರುಗಿದಂತೆಯೇ ಉಳಿದರು.

“ನಿನ್ನ ಮೀಸೆ ಯಾವಾಗ ಬೆಳ್ಳಗಾಯ್ತೋ?”

“ಐದು ವರ್ಷ ಆಯ್ತಮ್ಮ,” ಎಂದು ಯಜಮಾನರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಯಾರೋ ಗಿರಾಕಿ ಒಳಗೆ ಬಂದ ಸದ್ದಾಯಿತು. ಹುಡುಗಿ ಗಡಿಬಿಡಿಯಿಂದ ತೋಳು ಇಳಿಸಲು ಹೋದಳು.

“ಇರ್ಲಿ ಬಿಡಮ್ಮ,” ಎಂದರು ಯಜಮಾನರು. “ನೋಡಿದ್ರೆ ನೋಡ್ಲಿ.”