ಕೊನೇ ನುಡಿಯ ಹೆಸರು

ನನ್ನ ಸ್ಟುಡಿಯೋಕ್ಕೆ ಬರುವವರಲ್ಲಿ ಅರ್ಧ ಜನ ಹಾಡಲು ಬರುತ್ತಾರೆ, ಉಳಿದವರು ನನ್ನ ಕಂಪ್ಯೂಟರ್ ಸುಡಲು ಬರುತ್ತಾರೆ. ಅಂಜಿನಿ ಎರಡನೇ ಪೈಕಿ. ಕೊಟ್ಟೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ, ಬಾಗಿಲಿಗೆ ಹಳೇ ಗಾದಿ: ಇದೇ ನನ್ನ ಸ್ಟುಡಿಯೋ. ಅಂಜಿನಿ ಅಲ್ಲಿಗೆ ಎಲೆಕ್ಟ್ರಿಕ್ ಗಿಟಾರಿನ ಜತೆ ಹೆಣಭಾರದ ಆಂಪ್ಲಿಫೈಯರನ್ನೂ ಹೊತ್ತು ತಂದ. ನಾನು ಅತ್ತ ತಿರುಗುವಷ್ಟರಲ್ಲಿ ಅದರ ಬೆನ್ನಿನಿಂದ ಸ್ಪೀಕರಿಗೆ ಹೋಗುವ ವೈರನ್ನು ಎಳೆದು ನನ್ನ ಕಂಪ್ಯೂಟರಿಗೆ ಚುಚ್ಚಲು ಹೊರಟಿದ್ದ. ಕೈಮೇಲೆ ರಪ್ಪನೆ ಒಂದು ಕೊಟ್ಟೆ.

"ತಗೀಲೇ ಅದನ್ನ! ಅಷ್ಟು ಕರೆಂಟು ಒಳಗ ಹೋದ್ರ ಹಾಡು ಬರಂಗಿಲ್ಲ, ಹೊಗಿ ಬರ್ತೈತಿ!"

"ಆರ್ಕೆಸ್ಟ್ರಾದಾಗ ಹಿಂಗ ಹಾಕ್ತಿದ್ವಿ ಅಕ್ಕಾರ."

"ಆರ್ಕೆಸ್ಟ್ರಾದಾಗ ಕಂಪ್ಯೂಟರ್ ಇತ್ತೇನು?"

ಇರಲಿಲ್ಲ. ಈಗ ಆರ್ಕೆಸ್ಟ್ರಾವೂ ಇಲ್ಲ. ಮದುವೆಗಳಿಗೆಲ್ಲ ಡಿಜೆ ಬಂದ ಮೇಲೆ ಅವನ ತಂಡದವರು ಒಬ್ಬೊಬ್ಬರಾಗಿ ಆಟೋ ಹಿಡಿದರು, ಮೆಕ್ಕೆಜೋಳದ ಮೂಟೆ ಹೊತ್ತರು. ಇವನೊಬ್ಬನೇ ಗಿಟಾರ್ ಬಿಡದೆ ಕೂತಿದ್ದ. ಮೇಜಿನ ಮೇಲಿನ ಸಣ್ಣ ಪೆಟ್ಟಿಗೆಯನ್ನು ತೋರಿಸಿದೆ. ಗಿಟಾರಿನ ಪಿನ್ನು ಅದರ ಒಂದು ತೂತಿಗೆ, ಮೈಕಿನದು ಇನ್ನೊಂದಕ್ಕೆ, ಪೆಟ್ಟಿಗೆಯಿಂದ ಒಂದೇ ವೈರು ಕಂಪ್ಯೂಟರಿಗೆ. ಇಷ್ಟೇ. ಆಂಪ್ಲಿಫೈಯರನ್ನು ಮೂಲೆಗೆ ತಳ್ಳಿದೆ. ತಂತಿ ಮೀಟಿದಾಗ ಪರದೆಯ ಮೇಲೆ ಹಸಿರು ಗೆರೆ ಎದ್ದು ಕುಣಿಯಿತು, ಅವನ ಮುಖ ಅರಳಿತು. ನನಗೂ ಸಿಟ್ಟು ಇಳಿಯಿತು. ನನ್ನ ಸಿಟ್ಟು ಹಾಗೇ, ಏರುವುದೂ ಬೇಗ, ಇಳಿಯುವುದೂ ಬೇಗ. ಆವತ್ತು ಮಧ್ಯಾಹ್ನ ಏರಿದ್ದು ಮಾತ್ರ ಇನ್ನೂ ಇಳಿದಿಲ್ಲ.

ಹಾಡು ಅವನದಲ್ಲ, ಜತೆಗೆ ಕರೆತಂದಿದ್ದ ಅವನ ತಾಯಿಯದು. ಸುಂಕಮ್ಮ ಹಂಪಸಾಗರದವಳು. ಹಡಗಲಿಯ ಕಡೆ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುತ್ತಾ, ಬಿಡಿಸುವ ಕೈಗೆ ತಕ್ಕ ಹಾಗೆ ಅವಳು ಕಟ್ಟಿದ ಪದ. ಆ ಪದವನ್ನು ಈಗ ನಮ್ಮ ಕಡೆ ಕೇಳದವರಿಲ್ಲ. ಆದರೆ ಎಲ್ಲರೂ ಕೇಳಿದ್ದು ಗುರುಬಸವರಾಜನ ಬಾಯಲ್ಲಿ. ಅವನು ಮೊಬೈಲಿನಲ್ಲಿ ಹೆಸರು ಮಾಡಿದ ಹಾಡುಗಾರ. ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಹಿಂದೆ ಮುಂದೆ ಹುಡುಗರು. ಒಂದು ದಿನ ತೋಟಕ್ಕೆ ಹೋಗಿ, "ಚಲೋ ಹಾಡ್ತೀಬೇ" ಎಂದು ಅವಳನ್ನು ಉಬ್ಬಿಸಿ, ಮೊಬೈಲಿನಲ್ಲಿ ತುಂಬಿಕೊಂಡು ಬಂದ. ತಿಂಗಳೊಳಗೆ ಅದು ಅವನ ಹಾಡಾಯಿತು.

ಹೇಗೆ ಆಯಿತು ಎಂದರೆ, ಕೊನೇ ನುಡಿಯಿಂದ. ನಮ್ಮ ಕಡೆ ಪದ ಕಟ್ಟಿದವರು ಕೊನೇ ನುಡಿಯಲ್ಲಿ ಊರು ಹೇಳಿ ತಮ್ಮ ಹೆಸರು ಹಾಕುತ್ತಾರೆ. ಪದ ಯಾರದು ಎಂದು ಯಾರೂ ಬೇರೆ ಕಡೆ ವಿಚಾರಿಸುವುದಿಲ್ಲ, ಆ ನುಡಿಯಲ್ಲಿ ಯಾರ ಹೆಸರಿದೆಯೋ ಅವರದು. ಸುಂಕಮ್ಮ ಹಾಡುತ್ತಿದ್ದುದು ಹೀಗೆ:

ಮೊಗ್ಗು ಬಿಡಿಸ್ಯಾವ ಬೆರಳ
ಮುಡಿಯಲಿಲ್ಲ ಒಂದು ಎಳಿಯ,
ಹೊಳಿದಂಡಿ ಹಂಪಸಾಗರ
ಹೇಳ್ಯಾಳ ಸುಂಕವ್ವ ಪದವ.

ಅವನು ಕೊನೆಯ ಸಾಲನ್ನು ಕಿತ್ತು "ಹೇಳ್ಯಾನ ಗುರುಬಸವ ಪದವ" ಎಂದು ತುರುಕಿದ, ಅಷ್ಟೇ. ತೋಟದ ಹೆಂಗಸರೇ ಸುಂಕಮ್ಮನಿಗೆ, "ಗುರುಬಸವನ ಪದ ಹಾಡಬೇ" ಎನ್ನತೊಡಗಿದರು. ಅವಳು ಅಂದಿನಿಂದ ತೋಟದಲ್ಲಿ ಬಾಯಿ ಬಿಟ್ಟಿರಲಿಲ್ಲ.

"ನನ್ನ ಹೆಸರು ಒಂದ್ಸಲ ಅದರಾಗ ಹಾಕಿ ಕೊಡವ್ವ, ಸಾಕು," ಎಂದಳು ನನಗೆ. ಆ ಮಾತಿಗೆ ಹಣದ ಮಾತೇ ಎತ್ತಲಿಲ್ಲ ನಾನು.

ಗಿಟಾರ್ ಮೊದಲು ತುಂಬಿಕೊಂಡೆವು. ಚೆನ್ನಾಗಿ ಬಂತು. ಅಂಜಿನಿ ಖುಷಿಗೆ ಮಾಡಬಾರದ್ದೊಂದು ಮಾಡಿದ್ದ. ಬೆಳಿಗ್ಗೆಯೇ ತಾಯಿಯನ್ನು ನನ್ನ ಮೈಕಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು, "ನಮ್ಮವ್ವನ ಪದ ನಮ್ಮವ್ವನ ಹೆಸರಿಗೆ, ಇವತ್ತು ಕೊಟ್ಟೂರಾಗ ರೆಕಾರ್ಡಿಂಗ್" ಎಂದು ಸ್ಟೇಟಸ್ ಹಾಕಿಬಿಟ್ಟಿದ್ದ. ಬಾಗಿಲು ಒದ್ದ ಸದ್ದು ಕೇಳಿದ ಮೇಲೆ ಅದನ್ನು ಬಾಯಿಬಿಟ್ಟ ಪುಣ್ಯಾತ್ಮ.

ಗಾದಿ ಕಟ್ಟಿದ್ದ ಬಾಗಿಲು ಎರಡನೇ ಒದೆತಕ್ಕೆ ಒಳಕ್ಕೆ ಬಿತ್ತು. ಗುರುಬಸವರಾಜ, ಅವನ ಹಿಂದೆ ಇಬ್ಬರು ದಾಂಡಿಗರು. ಒಬ್ಬನ ಕೈಯಲ್ಲಿ ಮಚ್ಚು. ನಾನು ಎದ್ದು, "ಯಾರೋ ನೀವು, ಹೊರಗ ನಡೀರಿ" ಎನ್ನುವಷ್ಟರಲ್ಲಿ ಕೆನ್ನೆಗೆ ಬಿತ್ತು. ಎಂಥಾ ಏಟೆಂದರೆ ಗೋಡೆಯ ಟ್ರೇಗಳು ನನ್ನ ಜತೆ ಕೆಳಗೆ ಬಂದವು. ಎಡಗಿವಿಯಲ್ಲಿ ಕುಕ್ಕರ್ ಕೂಗಿದ ಹಾಗೆ ಕೂಗು ಶುರುವಾಯಿತು. ಅದು ಈಗಲೂ ಕೂಗುತ್ತದೆ.

ಅಂಜಿನಿ ಗಿಟಾರ್ ಕೊರಳಲ್ಲಿ ಹಾಕಿಕೊಂಡೇ ಅವರ ಮೇಲೆ ನುಗ್ಗಿದ. ಒಬ್ಬ ಅವನ ಹೊಟ್ಟೆಗೆ ಒದ್ದ, ಇನ್ನೊಬ್ಬ ಕೂದಲು ಹಿಡಿದು ಮೇಜಿಗೆ ಹಣೆ ಜಜ್ಜಿದ. ಗಿಟಾರಿನ ವೈರು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಅವನಿಗೆ ಬಿದ್ದ ಒಂದೊಂದು ಏಟಿಗೂ ನನ್ನ ಸ್ಪೀಕರುಗಳು ಕಿರುಚಿದವು, ಪರದೆಯ ಮೇಲೆ ಹಸಿರು ಗೆರೆ ಕೆಂಪಾಗಿ ಚಿಮ್ಮಿತು. ರೆಕಾರ್ಡಿಂಗ್ ಓಡುತ್ತಲೇ ಇತ್ತು, ಸುಂಕಮ್ಮನ ಸರದಿಗೆಂದು ನಾನು ಆಗಷ್ಟೇ ಗುಂಡಿ ಒತ್ತಿದ್ದೆ. ನಾನು ನೆಲದಿಂದ ಏಳಲು ಹೋದರೆ ಒಬ್ಬ ಬೆನ್ನ ಮೇಲೆ ಕಾಲಿಟ್ಟ. ಹಲ್ಲು ಕಚ್ಚಿ ಬೈದೆ. ನನಗೆ ಗೊತ್ತಿದ್ದ ಬೈಗುಳವೆಲ್ಲ ಮುಗಿದವು, ಅವನ ಕಾಲು ಕದಲಲಿಲ್ಲ.

ಸುಂಕಮ್ಮ ಮಾತ್ರ ಮೈಕಿನ ಮುಂದೆ ನಿಂತಲ್ಲೇ ನಿಂತಿದ್ದಳು.

"ಹಾಡು ಮುದುಕಿ," ಎಂದ ಗುರುಬಸವರಾಜ. ಏದುಸಿರು ಬಿಡುತ್ತಿದ್ದ. "ನಿನ್ನ ಮಗನ ಸ್ಟೇಟಸ್ ನೋಡಿ ಜನ ನನ್ನ ಕೇಳಾಕತ್ಯಾರ, ಕದ್ದೀಯೇನು ಅಂತ. ನೀನೇ ಹಾಡು, ಕೊನೇ ನುಡಿಗೆ ನನ್ನ ಹೆಸರು ಹಾಕಿ ಹಾಡು. ಸುಂಕವ್ವನ ಬಾಯಿಲೇ ನನ್ನ ಹೆಸರು ಬಂದೈತಿ ಅಂತ ನಾನೇ ಬಿಡ್ತೀನಿ. ಆವಾಗ ಯಾವನು ಕೇಳ್ತಾನ ನೋಡೂಣು."

"ಹಾಡಬ್ಯಾಡಬೇ ಯವ್ವಾ!" ಅಂಜಿನಿ ರಕ್ತ ಉಗುಳುತ್ತಾ ಕೂಗಿದ.

ಗುರುಬಸವರಾಜ ಮಚ್ಚನ್ನು ತಾನೇ ಇಸಿದುಕೊಂಡ. ಜತೆಗಾರನಿಗೆ ಸನ್ನೆ ಮಾಡಿದ. ಅವನು ಅಂಜಿನಿಯ ಬಲಗೈ ತಿರುವಿ ಮೇಜಿನ ಮೇಲಿಟ್ಟು, ಕಿರುಬೆರಳು, ಉಂಗುರಬೆರಳು ಎರಡನ್ನೂ ಬಿಡಿಸಿ ಒತ್ತಿ ಹಿಡಿದ.

"ಉಣ್ಣೋ ಕೈ ಐತಿ ನೋಡು," ಎಂದ ಗುರುಬಸವರಾಜ. "ಮೊದಲ ಎರಡು ಬೆರಳು. ಆಮ್ಯಾಲೂ ಬುದ್ಧಿ ಬರ್ಲಿಲ್ಲಂದ್ರ ಮುಂದಿಂದು ನೋಡೂಣು."

ಸುಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಾಡಿದಳು. ಆಣೆ ಮಾಡಿ ಹೇಳುತ್ತೇನೆ, ಆ ಕೋಣೆಯಲ್ಲಿ ಅಂಥ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎಲ್ಲೂ ನಡುಗಲಿಲ್ಲ. ನುಡಿಯ ಮೇಲೆ ನುಡಿ ಹಾಡುತ್ತಾ ಹೋದಳು. ಗುರುಬಸವರಾಜ ಎಡಗೈಯಲ್ಲಿ ತಾಳ ಬೇರೆ ಹಾಕಿದ, ನಾಚಿಕೆಗೆಟ್ಟವನು. ಅವನ ಹೆಸರು ಹಾಡಿಬಿಡಲಿ ಎಂದು ನಾನು ನೆಲದ ಮೇಲೆ ಬಿದ್ದುಕೊಂಡೇ ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಒಂದು ಹೆಸರು ಹೋದರೆ ಹೋಗಲಿ, ಬೆರಳು ಉಳಿಯಲಿ.

ಕೊನೇ ನುಡಿ ಬಂತು. ಹೊಳಿದಂಡಿ ಹಂಪಸಾಗರ ಎಂದು ಎಳೆದು ನಿಲ್ಲಿಸಿದಳು. ಮೇಜಿನ ಮೇಲಿದ್ದ ಮಗನ ಕೈಯನ್ನು ನೋಡಿದಳು. ಮುಖ ನೋಡಲಿಲ್ಲ, ಕೈಯನ್ನೇ ನೋಡಿದಳು, ಸಂತೆಯಲ್ಲಿ ಹೂವಿನ ಬುಟ್ಟಿ ನೋಡಿ ತೂಕ ಅಂದಾಜು ಮಾಡುವವರ ಹಾಗೆ. ಆಮೇಲೆ ಕಣ್ಣು ಮುಚ್ಚಿ, ಪೂರ್ತಿ ದನಿ ತೆಗೆದು ಹಾಡಿದಳು:

ಹೇಳ್ಯಾಳ ಸುಂಕವ್ವ ಪದವ.

ಮಚ್ಚು ಇಳಿಯಿತು. ಮೊದಲನೇ ಏಟಿಗೆ ತುಂಡಾಗಲಿಲ್ಲ, ಎರಡನೆಯದಕ್ಕೆ ಆಯಿತು. ಅಂಜಿನಿಯ ಚೀರು ಮೈಕಿನೊಳಗೆ ಹೋಯಿತು, ತಂತಿಗಳೊಳಗೂ ಹೋಯಿತು. ನನ್ನ ಬೆನ್ನ ಮೇಲಿದ್ದವನು ರಕ್ತ ನೋಡಿ ಹಿಂದೆ ಸರಿದ. ಅಷ್ಟು ಸಾಕಾಯಿತು ನನಗೆ. ಮೂಲೆಯಲ್ಲಿದ್ದ ಇನ್ನೊಂದು ಮೈಕ್ ಸ್ಟ್ಯಾಂಡು ಕೈಗೆ ಸಿಕ್ಕಿತು, ಅದರ ಬುಡಕ್ಕೆ ಬೀಡುಕಬ್ಬಿಣದ ಬಿಲ್ಲೆ ಇದೆ. ತಿರುಗಿಸಿ ಬೀಸಿದೆ. ಗುರುಬಸವರಾಜನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ನನ್ನ ಒಳ್ಳೆಯ ಕಿವಿಗೆ ಚೆನ್ನಾಗಿ ಕೇಳಿತು, ಸುಳ್ಳೇಕೆ ಹೇಳಲಿ, ಹಿತವಾಯಿತು. ಮತ್ತೊಮ್ಮೆ ಬೀಸಿದೆ, ದವಡೆ ಸರಿಯಿತು. ಮಚ್ಚು ಎತ್ತಿದ ತೋಳಿಗೆ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಕೆಳಗಿನ ಅಂಗಡಿಯ ನಾಗಪ್ಪ ತನ್ನ ಆಳುಗಳ ಜತೆ ಓಡಿ ಬಂದು ನನ್ನ ರಟ್ಟೆ ಹಿಡಿಯದಿದ್ದರೆ, ನಾನು ಈಗ ಹೊರಗಿರುತ್ತಿರಲಿಲ್ಲ.

ದಾಂಡಿಗರಿಬ್ಬರನ್ನೂ ಮೆಟ್ಟಿಲ ಮೇಲೆಯೇ ಕೆಡವಿ ಕಟ್ಟಿದರು. ಪೊಲೀಸರು ಬಂದರು, ಕೇಸಾಯಿತು. ಗುರುಬಸವರಾಜ ಜೈಲಿನ ಆಸ್ಪತ್ರೆಯಲ್ಲಿ ಗಂಜಿ ಕುಡಿಯುತ್ತಿದ್ದಾನೆ, ಹಾಡುವ ಬಾಯಿ ಉಳಿದಿಲ್ಲ. ಅಂಜಿನಿಯ ಬೆರಳುಗಳನ್ನು ಜೋಡಿಸಲಾಗಲಿಲ್ಲ, ಜಜ್ಜಿಹೋಗಿದ್ದವು.

ಆವತ್ತು ರಾತ್ರಿ ಆಸ್ಪತ್ರೆಯ ಪಡಸಾಲೆಯಲ್ಲಿ ಸುಂಕಮ್ಮ ನೆಲದ ಮೇಲೆ ಕೂತಿದ್ದಳು. ಸೀರೆಗೆ ಮಗನ ರಕ್ತ ಒಣಗಿ ಅಂಟಿತ್ತು. ನನಗೆ ತಡೆಯಲಾಗಲಿಲ್ಲ. ಗುರುಬಸವರಾಜನ ಮೇಲೆ ಉಳಿದಿದ್ದ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು.

"ಎಂಥಾ ತಾಯಿಬೇ ನೀನು?" ಎಂದೆ. "ಒಂದು ಹೆಸರಿನ ಸಲುವಾಗಿ ಹೆತ್ತ ಮಗನ ಬೆರಳು ಕೊಟ್ಟಿಯಲ್ಲ! ಆ ಹೊತ್ತಿಗೆ ಗುರುಬಸವನ ಹೆಸರು ಹಾಡಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ತಲೆ ಎತ್ತಿದಳು. ಅತ್ತಿರಲಿಲ್ಲ. ತನ್ನ ಎಡಗೈ ಮುಂದೆ ಚಾಚಿ, ನಾಲ್ಕೂ ಬೆರಳನ್ನು ಗಾಳಿಯಲ್ಲಿ ಒಂದೊಂದಾಗಿ ಒತ್ತಿ ತೋರಿಸಿದಳು, ಮಗ ಗಿಟಾರಿನ ಕುತ್ತಿಗೆಯ ಮೇಲೆ ಒತ್ತುವ ಹಾಗೆ.

"ಅವನ ಬಾಜಾ ಇರೋದು ಈ ಕೈಯಾಗ ಮಗಳ. ಬಲಗೈಯಾಗ ಅವ ಹಿಡಿಯೋದು ಒಂದು ಪ್ಲಾಸ್ಟಿಕ್ ಚೂರು, ಹೆಬ್ಬೆಟ್ಟು, ತೋರುಬೆರಳು ಇದ್ರ ಸಾಕು. ನಾ ಅವನ ಎದುರಿಗೆ ಕುಂತು ಇಷ್ಟು ವರ್ಷ ನೋಡೀನಿ. ಎಡಗೈ ಮ್ಯಾಲ ಮಚ್ಚು ಇಟ್ಟಿದ್ನಂದ್ರ, ನನ್ನ ಹೆಸರು ಸುಟ್ಟುಹೋಗ್ಲಿ ಅಂತ ಆ ಗುರುಬಸವನ ಹೆಸರೇ ಹಾಡ್ತಿದ್ದೆ."

ಒಳಗಿನಿಂದ ನರ್ಸ್ ಬಂದು, ಪೇಶಂಟಿಗೆ ಎಚ್ಚರ ಆಗೈತಿ, ಗಂಜಿ ಕುಡಿಸ್ರಿ ಎಂದಳು. ಸುಂಕಮ್ಮ ಗೋಡೆ ಹಿಡಿದು ಎದ್ದಳು.

"ಉಣ್ಣೋ ಕೈ ಅಂದ ಆ ಹುಚ್ಚಪ್ಪ," ಎಂದಳು. "ತುತ್ತು ನಾ ತಿನ್ನಿಸ್ತೀನಿ."