ಬೀದಿಗೆ ಬಾಗಿಲಿಲ್ಲದ ಮನೆ

“ಬ್ರೆಡ್ಡನ್ನೇನೋ ಮಾಡಿಕೊಡ್ತೀನಿ. ನಿಮ್ಮ ಪ್ರಾರ್ಥನೆಮನೆ ಹೊಸ್ತಿಲು ಮಾತ್ರ ತುಳಿಯಲ್ಲ,” ಎಂದಳು ಅಪೊಲೋನಿಯಾ, ಹಿಟ್ಟಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತ.

“ತುಳೀಬೇಡ ಚಿಕ್ಕಮ್ಮ, ಹಾರ್ಕೊಂಡು ಬಾ.”

ಹಾಗೆಂದು ನಕ್ಕ ರೊಸೀನಾಳ ಕಣ್ಣು ತುಂಬಿತ್ತು. ನಾಳೆ ಅವಳ ಮದುವೆ. ಮದುಮಗಳ ಕೈಗೆ ತಾಯಿಯ ಕಡೆಯವರು ಜಡೆಬ್ರೆಡ್ಡು ಇಟ್ಟು ಹರಸಬೇಕು. ತಾಯಿಯಿಲ್ಲದ ಹುಡುಗಿಗೆ ಆ ಕಡೆಯಿಂದ ಉಳಿದವಳು ಈ ಚಿಕ್ಕಮ್ಮ ಒಬ್ಬಳೇ.

“ನಿಮ್ಮ ದೊರೆ ನಾನಿದ್ದ ಕ್ಯಾಥೊಲಿಕ್ ಸನ್ಯಾಸಿನಿಯರ ಮಠ ಮುಚ್ಚಿಸಿದ. ಈಗ ಅಲ್ಲಿ ಸಿಪಾಯಿಗಳು ಕುದುರೆ ಕಟ್ತಾರಂತೆ.”

“ಅದೇ ದೊರೆ ನಮ್ಮ ಪ್ರೊಟೆಸ್ಟೆಂಟರ ಬಾಯಿ ಬಿಚ್ಚಿಸಿದ. ಅಪ್ಪ ಬೈಬಲನ್ನ ಹುಲ್ಲಿನ ಮೆದೇಲಿ ಬಚ್ಚಿಟ್ಟು ಓದ್ತಿದ್ರು, ಮರೆತುಹೋಯ್ತಾ? ಮಠ ಮುಚ್ಚದಿದ್ರೆ ನೀನಾದ್ರೂ ನನಗೆಲ್ಲಿ ಸಿಗ್ತಿದ್ದೆ?”

ಅಪೊಲೋನಿಯಾ ಹಿಟ್ಟಿನ ಜಡೆಯ ತುದಿಯನ್ನು ಒತ್ತಿ ಮುಚ್ಚಿದಳು. ಮಠದಲ್ಲಿ ಗಂಟೆ ಹೊಡೆಯುವುದು ಅವಳ ಕೆಲಸವಾಗಿತ್ತು. ಆ ಗಂಟೆಯನ್ನು ಕೆಳಗಿಳಿಸಿ ಗಾಡಿಗೆ ಹೇರಿದ್ದನ್ನು ಕಣ್ಣಾರೆ ಕಂಡವಳು. ಈಗಲೂ ನಸುಕಿನಲ್ಲಿ ಎಚ್ಚರವಾದರೆ ಅವಳ ಕೈ ಹಗ್ಗಕ್ಕಾಗಿ ತಡಕಾಡುತ್ತಿತ್ತು.

ಮರುದಿನ ಎಲ್ಲರೂ ಹೊರಟ ಮೇಲೆ ಅವಳು ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕಾದು ಕುಳಿತಳು. ಪ್ರಾರ್ಥನೆ ಮುಗಿದದ್ದು ತಿಳಿಯಲು ಗಂಟೆಯಾದರೂ ಎಲ್ಲಿತ್ತು? ಮುಗಿದಿರಬೇಕೆಂದು ತಾನೇ ಲೆಕ್ಕ ಹಾಕಿ, ಹೊಳೆ ದಾಟಿ ಗಂಡಿನ ಊರಿಗೆ ಹೋದಳು. ಆ ಊರಿಗೆ ಅವಳು ಹೊಸಬಳು. ಅಲ್ಲಿ ಸುಣ್ಣ ಬಳಿದ ಉದ್ದನೆಯ ಮನೆಯೊಂದರ ಬೇಲಿಗೆ ಹೂಮಾಲೆ ಕಟ್ಟಿದ್ದರು. ಮದುವೆಮನೆ ಇದೇ, ಹಿಂದಿನದು ಅಡುಗೆಮನೆ ಬಾಗಿಲು ಎಂದುಕೊಂಡು ಅದನ್ನು ಸೊಂಟದಿಂದ ತಳ್ಳಿದಳು.

“ಯಾರಾದ್ರೂ ಬೇಗ ಮೇಜು ಖಾಲಿ ಮಾಡ್ರಪ್ಪಾ, ಕೈ ಸೋತುಹೋಗಿದೆ!”

ಒಳಗೆ ಬೆಂಚುಗಳ ತುಂಬ ಕುಳಿತಿದ್ದ ಜನ ಒಟ್ಟಿಗೇ ತಿರುಗಿ ನೋಡಿದರು. ಗೋಪುರ ಇರಬಾರದು, ಗಂಟೆ ಇರಬಾರದು, ಬೀದಿಗೆ ಬಾಗಿಲು ಇರಬಾರದು ಎಂದು ಷರತ್ತು ಹಾಕಿಯೇ ದೊರೆ ಈ ಪ್ರಾರ್ಥನೆಮನೆಗೆ ಒಪ್ಪಿಗೆ ಕೊಟ್ಟಿದ್ದ. ಮುಂದೆ ಮದುಮಕ್ಕಳು ಕೈ ಹಿಡಿದು ನಿಂತಿದ್ದರು.

ಪಾದ್ರಿ ತನ್ನ ಹಿಂದಿನ ಬೋಳು ಮೇಜನ್ನು ನೋಡಿ, “ಖಾಲಿಯೇ ಇದೆ ತಾಯಿ,” ಎಂದ.

ಮೊದಲು ನಕ್ಕವಳು ಗಂಡಿನ ಅಜ್ಜಿ. “ಬಾರವ್ವಾ, ಉಪದೇಶ ಕೇಳೀ ಕೇಳೀ ಹೊಟ್ಟೆ ಚುರುಗುಡ್ತಿದೆ!” ಆಮೇಲೆ ನಗದವರೇ ಇಲ್ಲ. ಅಪೊಲೋನಿಯಾ ತಿರುಗಿ ಬಾಗಿಲನ್ನೊಮ್ಮೆ, ಹೊಸ್ತಿಲನ್ನೊಮ್ಮೆ ನೋಡಿದಳು. ಆಗಲೇ ದಾಟಿಯಾಗಿತ್ತು. ಬೆಂಚುಗಳ ನಡುವೆ ನೆಟ್ಟಗೆ ನಡೆದುಹೋಗಿ ಬ್ರೆಡ್ಡನ್ನು ರೊಸೀನಾಳ ಕೈಗಿಟ್ಟಳು. ಹುಡುಗಿ ಬ್ರೆಡ್ಡಿನ ಸಮೇತ ಅವಳನ್ನು ತಬ್ಬಿಕೊಂಡಳು.

ಮದುವೆ ಮುಗಿದು ಎಲ್ಲರೂ ಹೊರಬಂದಾಗ ಅಂಗಳ ಸದ್ದಿಲ್ಲದೆ ನಿಂತಿತ್ತು.

“ಇಷ್ಟೇನಾ? ಗಂಟೆ ಇಲ್ಲದೆ ಮದುವೆನಾ?” ಎಂದಳು ಅಪೊಲೋನಿಯಾ.

“ದೊರೆ ಅಪ್ಪಣೆ ಇಲ್ವಲ್ಲ, ಚಿಕ್ಕಮ್ಮ.”

“ಮನೆಗೆ ತಾನೇ ಇಲ್ಲ? ದನಕ್ಕೂ ಇಲ್ವಾ?”

ಬೇಲಿಯಾಚೆ ಹಸುಗಳು ಮೇಯುತ್ತಿದ್ದವು. ಅವಳು ಎಲ್ಲಕ್ಕಿಂತ ದೊಡ್ಡ ಹಸುವಿನ ಕೊರಳಪಟ್ಟಿ ಬಿಚ್ಚಿ, ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಒಂದೊಂದು ಬೀಸಿಗೂ ಅವಳ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತಿತ್ತು. ಮದುವೆಯ ದಿಬ್ಬಣ ನಗುತ್ತ ಅವಳ ಹಿಂದೆ ಹೊರಟಿತು. ಬರಿಗೊರಳ ಹಸು ತಲೆಯೆತ್ತಿ ಸ್ವಲ್ಪ ಹೊತ್ತು ಆಲಿಸಿತು. ಆಮೇಲೆ ತನ್ನ ಗಂಟೆಯ ಸದ್ದನ್ನು ಹಿಡಿದು ಅದೂ ನಿಧಾನವಾಗಿ ಹಿಂದೆ ನಡೆಯಿತು.